ನಾಯಿಯ ಇಳಿಯದ ಬೀಜ: ಎಡದ್ದೋ ಬಲದ್ದೋ?

ಗಂಡುನಾಯಿಯ ಬೀಜಗಳು, ಅಂದರೆ ವೃಷಣಗಳು, ಮೊದಲು ಬೆಳೆಯುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಅಲ್ಲಿಂದ ತೊಡೆಸಂದಿ ದಾಟಿ ಬೀಜದ ಚೀಲಕ್ಕೆ ಇಳಿಯುತ್ತವೆ. ಮರಿಗೆ ಎರಡು ತಿಂಗಳಾಗುವಷ್ಟರಲ್ಲಿ ಎರಡೂ ಕೈಗೆ ಸಿಗಬೇಕು. 6 ತಿಂಗಳಾದರೂ ಸಿಗದಿದ್ದರೆ ಆಸೆ ಬಿಡಿ. ಬಲಗಡೆಯದು ಉಳಿಯುವುದೇ ಜಾಸ್ತಿ. ಪರೀಕ್ಷೆಯಲ್ಲಿ ಬರೆಯಲು ಇಷ್ಟು ಸಾಕು.

ನನ್ನ ತಲೆ ಕೆಟ್ಟಿದ್ದು ಮುಂದಿನ ಹೆಜ್ಜೆಯಲ್ಲಿ. ಚೀಲದಲ್ಲಿ ಒಂದೇ ಇದೆ ಅಂದುಕೊಳ್ಳಿ. ಅದು ಯಾವ ಕಡೆಯದು? ನೋಡಿದರೆ ಗೊತ್ತಾಗುವುದಿಲ್ಲ, ಒಂಟಿ ಬೀಜ ಸುಮ್ನೆ ನಡುವೆ ಕೂತಿರುತ್ತದೆ. ಅದನ್ನು ಬೆರಳಿನಿಂದ ಮೆಲ್ಲಗೆ ತೊಡೆಸಂದಿಯ ಕಡೆ ಮುಂದಕ್ಕೆ ತಳ್ಳಬೇಕು. ಅದರ ನಾಳ ಯಾವ ಕಡೆಯಿಂದ ಬಂದಿದೆಯೋ ಆ ಕಡೆಗೇ ಸುಲಭವಾಗಿ ಜಾರುತ್ತದೆ. ಎಡಕ್ಕೆ ಹೋದರೆ ಅಡಗಿರುವುದು ಬಲದ್ದು. ಇನ್ನೊಂದು ಸಿಕ್ಕು: ನಾಯಿಯನ್ನು ಅಂಗಾತ ಮಲಗಿಸಿ ಬಾಲದ ಕಡೆ ನಿಂತರೆ ಅದರ ಬಲ ನಿಮ್ಮ ಎಡಕ್ಕೆ ಬರುತ್ತದೆ. ಹಾಗಾಗಿ ಅರಿವಳಿಕೆಗೂ ಮುಂಚೆ, ನಾಯಿ ನಿಂತಿರುವಾಗಲೇ ಕಡೆ ಬರೆದಿಟ್ಟುಕೊಳ್ಳುವುದು ವಾಸಿ.

ಆಮೇಲೆ ತೊಡೆಸಂದಿ ತಡಕುವುದು. ಅಲ್ಲಿನ ಕೊಬ್ಬು, ದುಗ್ಧಗ್ರಂಥಿ (ಲಿಂಫ್ ಗಂಟು) ಎರಡೂ ಬೀಜದ ಹಾಗೇ ಸಿಕ್ಕಿ ಮೋಸ ಮಾಡುತ್ತವೆ. ಅಲ್ಲಿಲ್ಲದಿದ್ದರೆ ಸ್ಕ್ಯಾನ್, ಇಲ್ಲವೇ ಹೊಟ್ಟೆ ತೆರೆಯುವುದು. ಹೊಟ್ಟೆಯೊಳಗೆ ಕೊಕ್ಕೆ ಹಾಕಿ ಕುರುಡಾಗಿ ಎಳೆಯಬಾರದು, ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಗೋ ಮೂತ್ರನಾಳಕ್ಕೋ ಏಟಾಗುತ್ತದೆ. ನನಗೆ ಇಷ್ಟವಾದ ಉಪಾಯ ಇದು: ಮೂತ್ರಕೋಶವನ್ನು ಹಿಂದಕ್ಕೆ ಮಡಚಿ, ಪ್ರಾಸ್ಟೇಟ್ ಸೇರುವ ವೀರ್ಯನಾಳ ಹುಡುಕಿ, ಬಾವಿಗೆ ಬಿದ್ದ ಕೊಡವನ್ನು ಹಗ್ಗದ ತುದಿಯಿಂದ ಹುಡುಕುವ ಹಾಗೆ ಅದರ ಬೆನ್ನು ಹತ್ತಬೇಕು. ನಾಳ ತೊಡೆಸಂದಿಯ ಕಿಂಡಿಯೊಳಗೆ ಹೊಕ್ಕಿದ್ದರೆ ಬೀಜ ಹೊಟ್ಟೆ ದಾಟಿದೆ ಎಂದರ್ಥ.

ಅಡಗಿದ್ದನ್ನೇ ಮೊದಲು ತೆಗೆಯಬೇಕು. ಹೊರಗಿನದನ್ನಷ್ಟೇ ತೆಗೆದು ಕಳಿಸಿದರೆ ನೋಡುವವರಿಗೆ ಬೀಜ ತೆಗೆದ ನಾಯಿಯ ಹಾಗೇ ಕಾಣುತ್ತದೆ. ಮೈಶಾಖಕ್ಕೆ ವೀರ್ಯ ಕೆಟ್ಟರೂ ಬೀಜದೊಳಗಿನ ಲೇಡಿಗ್ ಕೋಶಗಳು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಮಾಡುತ್ತಲೇ ಇರುತ್ತವೆ. ಗಂಡುಬುದ್ಧಿ ಹೋಗುವುದಿಲ್ಲ, ಗಡ್ಡೆಯ ಭಯವೂ ಹೋಗುವುದಿಲ್ಲ. ಇನ್ನು ಶಿರಸಿ ಕಡೆ 'ಒಂದಿದ್ರೂ ಮರಿ ಆಗ್ತಾವಲ್ಲ' ಅನ್ನುವವರಿದ್ದಾರೆ. ಆಗುತ್ತವೆ, ಅದೇ ತೊಂದರೆ. ಇದು ವಂಶದಲ್ಲಿ ಹರಿಯುತ್ತದೆ, ತಾಯಿಯ ಕಡೆಯಿಂದಲೂ.

ಗಡ್ಡೆಯ ವಿಷಯ. ಅಡಗಿದ ಬೀಜದಲ್ಲಿ ಸರ್ಟೋಲಿ (ವೀರ್ಯಾಣು ಪೋಷಿಸುವ ಕೋಶಗಳದ್ದು) ಮತ್ತು ಸೆಮಿನೋಮಾ (ವೀರ್ಯಾಣು ಹುಟ್ಟಿಸುವ ಕೋಶಗಳದ್ದು) ಗಡ್ಡೆಗಳ ಅಪಾಯ ಹಲವು ಪಟ್ಟು ಜಾಸ್ತಿ. ಲೇಡಿಗ್ ಗಡ್ಡೆ ಹೆಚ್ಚಾಗಿ ಇಳಿದ ಬೀಜದ್ದು. ಸರ್ಟೋಲಿ ಗಡ್ಡೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಸುರಿಸಬಹುದು: ಎರಡೂ ಪಕ್ಕ ಒಂದೇ ಥರ ಕೂದಲು ಉದುರುತ್ತದೆ, ಮೊಲೆ ಊದುತ್ತದೆ, ಬೇರೆ ಗಂಡುನಾಯಿಗಳು ಬೆನ್ನು ಬೀಳುತ್ತವೆ. ಕಾರವಾರದಿಂದ ಭಟ್ಕಳದವರೆಗೆ ಮಳೆಗಾಲದಲ್ಲಿ ಕೂದಲು ಉದುರಿದರೆ ಕಜ್ಜಿ ಅಂತ ಬೇವಿನೆಣ್ಣೆ ಹಚ್ಚುತ್ತಾರೆ. ಆದರೆ ಇದರಲ್ಲಿ ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಈಸ್ಟ್ರೋಜನ್ ಮೂಳೆಮಜ್ಜೆಯನ್ನೇ ಕುಗ್ಗಿಸುತ್ತದೆ. ಒಸಡು ಬಿಳಿಚುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ. ನಮ್ಮಲ್ಲಿ ಉಣುಗಿಗೇನು ಬರವೇ, ಕೂಡಲೇ ಉಣುಗಿನ ಜ್ವರ ಅಂತ ಮಾತ್ರೆ ಶುರುವಾಗುತ್ತದೆ. ರಕ್ತ ನೋಡಿ, ಬೇಡ ಅನ್ನುವುದಿಲ್ಲ, ಆದರೆ ವಯಸ್ಸಾದ ಗಂಡುನಾಯಿಯಾದರೆ ಚೀಲವನ್ನೂ ಮುಟ್ಟಿ ನೋಡಿ. ಗಡ್ಡೆ ತೆಗೆದ ಮೇಲೆ ಕೂದಲು ಕೆಲವು ತಿಂಗಳಲ್ಲಿ ಬರುವುದುಂಟು. ಮಜ್ಜೆ ತುಂಬಾ ಕೆಟ್ಟಿದ್ದರೆ ನಾಯಿ ಉಳಿಯುವುದು ಕಷ್ಟ.