ರಿಜಿಸ್ಟರಿಗೆ ಕಾಣದ ರಾತ್ರಿ

ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿನ ಕೋಲ್ಡ್ ರೂಮಿನ ಬಾಗಿಲ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂದು ರಿಜಿಸ್ಟರ್ ಇದೆ. ಅದರ ಬೆನ್ನಿಗೆ ದಾರದಲ್ಲಿ ಕಟ್ಟಿದ ಪೆನ್ನು. ಬೆಳಿಗ್ಗೆ ಹತ್ತಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ಯಾರಾದರೊಬ್ಬರು ಬಾಗಿಲ ಮೇಲೆ ಮಿನುಗುವ ಅಂಕಿಯನ್ನು ನೋಡಿ ಬರೆದು ರುಜು ಹಾಕುತ್ತಾರೆ. ಮೂರು ತಿಂಗಳ ಪುಟಗಳನ್ನು ನಾನು ತಿರುವಿ ನೋಡಿದ್ದೇನೆ. 4, 4, 5, 4, 4. ಎಣ್ಣೆ ಬೆರಳಿನ ಗುರುತು, ಕಾಫಿ ಲೋಟದ ಉಂಗುರ, ಯಾರದೋ ಮೊಬೈಲ್ ನಂಬರು, ಎಲ್ಲವೂ ಆ ಪುಟಗಳಲ್ಲಿದ್ದವು. ಐದನ್ನು ದಾಟಿದ ಅಂಕಿ ಮಾತ್ರ ಎಲ್ಲಿಯೂ ಇರಲಿಲ್ಲ. ಆದರೂ ಕೆಲವು ಸೋಮವಾರಗಳಂದು ಬೆಳಿಗ್ಗೆ ಕಾಯಿಸಲು ಇಟ್ಟ ಹಾಲು ಒಡೆಯುತ್ತಿತ್ತು, ದೋಸೆ ಹಿಟ್ಟು ಮಿತಿಮೀರಿ ಹುಳಿ ಬಂದು ಚೆಲ್ಲಬೇಕಾಗುತ್ತಿತ್ತು.

"ಬರೆದದ್ದು ಸುಳ್ಳಲ್ಲ ಮಾರಾಯ್ರೆ, ಹಾಲು ಹಾಳಾದದ್ದೂ ಸುಳ್ಳಲ್ಲ" ಎಂದರು ಕುಂದಾಪುರದ ಕಡೆಯವರಾದ ಮಾಲೀಕರು. ಅಡುಗೆಮನೆಯಲ್ಲಿ ಇದಕ್ಕೆ ಎರಡು ವಿವರಣೆಗಳು ಚಾಲ್ತಿಯಲ್ಲಿದ್ದವು. ರಾತ್ರಿ ಸ್ವಚ್ಛಗೊಳಿಸುವ ಹುಡುಗ ಬಾಗಿಲನ್ನು ಸರಿಯಾಗಿ ಹಾಕುವುದಿಲ್ಲ ಎಂಬುದು ಒಂದು. ಅಮಾವಾಸ್ಯೆಯ ಆಸುಪಾಸಿನಲ್ಲಿ ಯಂತ್ರ ಕೈಕೊಡುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಪರಿಹಾರವಾಗಿ ಕಂಪ್ರೆಸರಿನ ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿಗಳೂ ಬಂದಿದ್ದವು.

ಪುಣೆಯ ಕಾರ್ಖಾನೆಗಳಲ್ಲಿ ಮಾಪಕಗಳ ಜೊತೆ ವೃತ್ತಿಜೀವನವನ್ನೆಲ್ಲ ಕಳೆದ ನನಗೆ ಇಂತಹ ಕಡೆ ಕೈ ಸುಮ್ಮನಿರುವುದಿಲ್ಲ. ಡಿಎಸ್18ಬಿ20 ಎಂಬ ಎರಡು ಪುಟ್ಟ ತಾಪಮಾನ ಸಂವೇದಕಗಳು, ಕೆಲವೇ ನೂರು ರೂಪಾಯಿಗೆ ಸಿಗುವ ವೈಫೈ ಇರುವ ಇಎಸ್‌ಪಿ32 ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಬಾಗಿಲ ಚೌಕಟ್ಟಿಗೆ ಅಯಸ್ಕಾಂತದಿಂದ ಕೆಲಸ ಮಾಡುವ ಒಂದು ಸ್ವಿಚ್ಚು, ಇಷ್ಟೇ ಸಾಮಗ್ರಿ. ಒಂದು ಸಂವೇದಕವನ್ನು ಗಾಳಿಯಲ್ಲಿ ನೇತುಹಾಕಿದೆ. ಇನ್ನೊಂದನ್ನು ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿದೆ. ಲಸಿಕೆ ಇಡುವ ಫ್ರಿಜ್‌ಗಳಲ್ಲಿಯೂ ಹೀಗೆ ಮಾಡುವುದುಂಟು, ಏಕೆಂದರೆ ಬಾಗಿಲು ತೆರೆದ ಕ್ಷಣ ಗಾಳಿಯ ಉಷ್ಣತೆ ಹಾರುತ್ತದೆ, ಹಾಲಿನದು ಹಾರುವುದಿಲ್ಲ, ನಮಗೆ ಬೇಕಾದದ್ದು ಹಾಲಿನ ಸಮಾಚಾರ. ನಿಮಿಷಕ್ಕೊಂದು ಅಂಕಿ ಗಲ್ಲಾಪೆಟ್ಟಿಗೆಯ ಹಿಂದಿನ ಕಂಪ್ಯೂಟರಿಗೆ ತಲುಪುವ ಹಾಗೆ ವ್ಯವಸ್ಥೆಯಾಯಿತು.

ಎರಡು ವಾರಗಳ ನಕ್ಷೆಯಲ್ಲಿ ಎಲ್ಲವೂ ಬಯಲಾಯಿತು. ಭಾನುವಾರ ರಾತ್ರಿ ಹತ್ತರ ಅಂಕಿ ಬರೆದಾದ ಮೇಲೆ, ಹನ್ನೊಂದೂವರೆಯ ಹೊತ್ತಿಗೆ, ಉಳಿದ ಸಾಂಬಾರಿನ ದೊಡ್ಡ ಪಾತ್ರೆಗಳು ಬಿಸಿಬಿಸಿಯಾಗಿಯೇ ಒಳಗೆ ಹೋಗುತ್ತಿದ್ದವು. ಅವುಗಳ ಹಬೆ ತಂಪುಕಾರಕ ಸುರುಳಿಯ ಮೇಲೆ ಮಂಜಾಗಿ ಕಟ್ಟಿಕೊಂಡು ಗಾಳಿ ಹಾಯುವ ಸಂದುಗಳನ್ನೇ ಮುಚ್ಚುತ್ತಿತ್ತು. ಈ ಯಂತ್ರ ಆರು ಗಂಟೆಗೊಮ್ಮೆ, ಅಂದರೆ ಒಂದಕ್ಕೂ ಏಳಕ್ಕೂ, ತಂಪು ನಿಲ್ಲಿಸಿ ಸುರುಳಿಯ ಮೇಲಿನ ಮಂಜನ್ನು ಕರಗಿಸಿಕೊಳ್ಳುತ್ತದೆ. ಭಾನುವಾರದ ಮಂಜು ರಾತ್ರಿ ಒಂದರ ಸರದಿಯಲ್ಲಿ ಪೂರ್ತಿ ಕರಗುತ್ತಿರಲಿಲ್ಲ. ನಾಲ್ಕು ಗಂಟೆಗೆ ಕೋಣೆ 11 ಡಿಗ್ರಿ ಮುಟ್ಟುತ್ತಿತ್ತು. ಬೆಳಿಗ್ಗೆ ಏಳರ ಸರದಿಯಲ್ಲಿ ಉಳಿದ ಮಂಜೂ ಕರಗಿ, ಹತ್ತು ಗಂಟೆಗೆ ರುಜು ಹಾಕಲು ಬಂದವರಿಗೆ ಎಂದಿನ 4 ಕಾಣುತ್ತಿತ್ತು. ಬಾಗಿಲ ಸ್ವಿಚ್ಚಿನ ದಾಖಲೆಯ ಪ್ರಕಾರ ರಾತ್ರಿಯಿಡೀ ಬಾಗಿಲು ಭದ್ರವಾಗಿತ್ತು. ಹುಡುಗನನ್ನು ಮೂರು ತಿಂಗಳಿನಿಂದ ಸುಮ್ಮನೆ ಬೈಯಲಾಗಿತ್ತು.

ಹನ್ನೊಂದು ಡಿಗ್ರಿ ಎಂದರೆ ಅಂತಹದೇನು ಎಂದು ಕೇಳುವವರಿದ್ದಾರೆ. ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳು 5ರಿಂದ 60 ಡಿಗ್ರಿಯ ನಡುವೆ ಹೆಚ್ಚುತ್ತವೆ. ಮೈ ಬಿಸಿಯ ಆಸುಪಾಸಿನಲ್ಲಿ ಕೆಲವು ಜಾತಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ, ಅಂದರೆ ಮೂರು ಗಂಟೆಯಲ್ಲಿ ಒಂದು ಹೋಗಿ 512. ಹನ್ನೊಂದರಲ್ಲಿ ಆ ವೇಗ ಇಲ್ಲ, ನಿಜ. ಆದರೆ ದೊಡ್ಡ ಪಾತ್ರೆಯ ನಡುಭಾಗದ ಸಾಂಬಾರು ಎಷ್ಟೋ ಹೊತ್ತು ಬೆಚ್ಚಗೇ ಇರುತ್ತದೆ, ಅಲ್ಲಿ ಆ ವೇಗ ಇದೆ. ಅದಕ್ಕಿಂತ ಮುಖ್ಯವಾಗಿ, ಕೋಣೆ ಮತ್ತೆ 4ಕ್ಕೆ ಇಳಿದಾಗ ಹೆಚ್ಚಿದ ಬ್ಯಾಕ್ಟೀರಿಯಾಗಳ ಸಂಖ್ಯೆ ಅದರೊಂದಿಗೆ ಇಳಿಯುವುದಿಲ್ಲ. ಉಷ್ಣತೆ ಮರೆತದ್ದನ್ನು ಹಾಲು ಮರೆಯುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಸಂಗತಿ ಇಲ್ಲಿಯೇ ಇದೆ. ಆ ರಿಜಿಸ್ಟರಿನಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಯಂತ್ರದ ತಾಳ ಆರು ಗಂಟೆಯದು, ಬರೆಯುವವರ ತಾಳ ಹನ್ನೆರಡು ಗಂಟೆಯದು, ಆದ್ದರಿಂದ ಅವರು ಪ್ರತಿ ಸಲವೂ ಮಂಜು ಕರಗಿ ಸರಿಯಾಗಿ ಮೂರು ಗಂಟೆಯಾದ ಅದೇ ಒಳ್ಳೆಯ ಘಳಿಗೆಗೆ ಬಂದು ನಿಲ್ಲುತ್ತಿದ್ದರು. ಮುಂಬಯಿಯವರಿಗೆ ಇದನ್ನು ಸಮುದ್ರದ ಭಾಷೆಯಲ್ಲಿ ಹೇಳಬಹುದು: ಭರತ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ, ಇಳಿತದ ಹೊತ್ತು ನೋಡಿ ಹೊರಟು, ಅಷ್ಟೇ ಅಂತರದಲ್ಲಿ ಮತ್ತೆ ಮತ್ತೆ ಹೋಗುವವನಿಗೆ ಸಮುದ್ರದ ನಡುವಿನ ಹಾಜಿ ಅಲಿ ದರ್ಗಾದ ದಾರಿ ಎಂದೂ ಮುಳುಗುವುದೇ ಇಲ್ಲ. ಸಿನಿಮಾದಲ್ಲಿ ಮುಂದೆ ಓಡುವ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಮೋಸ. ಕ್ಯಾಮೆರಾ ಸೆಕೆಂಡಿಗೆ 24 ಸಲ ಮಾತ್ರ ಕಣ್ಣು ಬಿಡುತ್ತದೆ, ಉಳಿದ ಹೊತ್ತು ಚಕ್ರ ಏನು ಮಾಡಿತೆಂದು ಅದಕ್ಕೆ ತಿಳಿಯದು. ಬೇಗನೆ ಏರಿಳಿಯುವ ಯಾವುದನ್ನಾದರೂ ಅರಿಯಬೇಕಾದರೆ, ಅದರ ಒಂದೊಂದು ಏರಿಳಿತಕ್ಕೂ ಎರಡಕ್ಕಿಂತ ಹೆಚ್ಚು ಸಲ ಅಳೆಯಬೇಕು ಎಂಬ ನಿಯಮದ ಬೀಜ 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ಟೆಲಿಗ್ರಾಫ್ ಕುರಿತು ಬರೆದ ಪ್ರಬಂಧದಲ್ಲಿದೆ. 1949ರಲ್ಲಿ ಕ್ಲಾಡ್ ಶ್ಯಾನನ್ ಅದಕ್ಕೆ ಪ್ರಮೇಯದ ರೂಪ ಕೊಟ್ಟರು. ದಿನಕ್ಕೆ ಎರಡು ಸಲ ತುಂಬುವ ರಿಜಿಸ್ಟರ್ ಎಷ್ಟೇ ಪ್ರಾಮಾಣಿಕವಾಗಿದ್ದರೂ ಈ ಪ್ರಮೇಯದ ಮುಂದೆ ಸೋಲುತ್ತದೆ. ಅಮಾವಾಸ್ಯೆಯ ಕಥೆಯೂ ಹಾಗೆಯೇ ಹುಟ್ಟಿದ್ದು: ಅಮಾವಾಸ್ಯೆಯಂದು ಹಾಲು ಒಡೆದರೆ ಎಲ್ಲರಿಗೂ ನೆನಪಿರುತ್ತದೆ, ಒಡೆಯದ ಅಮಾವಾಸ್ಯೆಗಳನ್ನು ಯಾರೂ ಬರೆದಿಡುವುದಿಲ್ಲ.

ವ್ಯಾಪಾರಸ್ಥರ ಬಳಿ ಸಂಪರ್ಕಿತ ಸಾಧನಗಳ, ಅಂದರೆ ಅಳೆದದ್ದನ್ನು ಜಾಲದ ಮೂಲಕ ತಿಳಿಸುವ ಇಂತಹ ಸಾಧನಗಳ, ಮಾತೆತ್ತಿದರೆ, ಮನೆಯಲ್ಲಿ ಕುಳಿತು ಮೊಬೈಲಿನಿಂದ ಎಸಿ ಆರಿಸುವ ಶೋಕಿ ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಈ ತಪ್ಪು ಕಲ್ಪನೆ ನನಗೆ ತುಸು ಸಿಟ್ಟು ತರಿಸುತ್ತದೆ. ತಾನಾಗಿ ಚಾಲನೆಗೊಳ್ಳುವುದು ಹಳೆಯ ವಿದ್ಯೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ನಮ್ಮ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ರೂಪಿಸಿದ, 1903ರಲ್ಲಿ ಪುಣೆಯ ಹತ್ತಿರದ ಖಡಕವಾಸ್ಲಾ ಅಣೆಕಟ್ಟಿಗೆ ಅಳವಡಿಸಿದ ಗೇಟುಗಳು, ನೀರು ನಿಗದಿತ ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಮುಂದೆ ಕೃಷ್ಣರಾಜಸಾಗರದಲ್ಲಿಯೂ ಅದೇ ಬಗೆಯ ಗೇಟುಗಳು ಬಂದವು. ಅಳೆಯುವುದು, ತೀರ್ಮಾನಿಸುವುದು, ಕೆಲಸ ಮಾಡುವುದು, ಮೂರೂ ಅಲ್ಲಿದ್ದವು. ಆದರೆ ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ತೆರೆದೆ ಎಂದು ಕೇಳಿದರೆ ಗೇಟು ಹೇಳಲಾರದು, ಕೆಟ್ಟು ನಿಂತರೆ ಯಾರಿಗೂ ಸುದ್ದಿ ಮುಟ್ಟಿಸಲಾರದು. ನೆನಪು ಮತ್ತು ಮಾತು, ಸಂಪರ್ಕಿತ ಸಾಧನ ಹೊಸದಾಗಿ ತಂದದ್ದು ಇವೆರಡನ್ನೇ.

ಮಾತಿನ ಮೊದಲ ಉದಾಹರಣೆಗಳಲ್ಲಿ ಒಂದು ಸೋಮಾರಿತನದಿಂದ ಹುಟ್ಟಿತು. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು, ಕೋಕ್ ಯಂತ್ರದ ತನಕ ನಡೆದುಹೋಗಿ ಖಾಲಿ ಯಂತ್ರವನ್ನೋ ಬೆಚ್ಚಗಿನ ಬಾಟಲಿಯನ್ನೋ ಕಂಡು ಬೇಸತ್ತು, ಯಂತ್ರವನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿಬಿಟ್ಟರು. ಅದರೊಳಗೆ ಅವರು ಥರ್ಮಾಮೀಟರ್ ಇಡಲಿಲ್ಲ. ಬಾಟಲಿ ತುಂಬಿ ಮೂರು ಗಂಟೆ ಕಳೆದಿದ್ದರೆ ತಣ್ಣಗಾಗಿದೆ ಎಂದೇ ಲೆಕ್ಕ. ನೆನಪೊಂದಿದ್ದರೆ ಎಷ್ಟೋ ಮಾಪಕಗಳನ್ನು ಉಳಿಸಬಹುದು.

ಈಗ ಸಾಧನಗಳು ಆಡುವ ಭಾಷೆಗಳಲ್ಲಿ ಎಂಕ್ಯುಟಿಟಿ ಬಹಳ ಬಳಕೆಯಲ್ಲಿದೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು, ನಿರ್ಜನ ಪ್ರದೇಶದ ತೈಲ ಕೊಳವೆಗಳ ಸುದ್ದಿಯನ್ನು ದುಬಾರಿ ಉಪಗ್ರಹ ಸಂಪರ್ಕದ ಮೂಲಕ ಕಳಿಸಲು. ಆದ್ದರಿಂದ ಅದು ಮಹಾ ಜಿಪುಣ ಭಾಷೆ, ಸಂದೇಶದ ತಲೆಬರಹ ಎರಡೇ ಬೈಟ್‌ಗಳಲ್ಲಿ ಮುಗಿಯಬಲ್ಲದು. ಅದರ ನಡೆ ನಮ್ಮ ಡಬ್ಬಾವಾಲಾಗಳದ್ದೇ. ಅಂಧೇರಿಯಲ್ಲಿ ಡಬ್ಬಿ ಎತ್ತಿಕೊಂಡವನಿಗೆ ಚರ್ಚ್‌ಗೇಟಿನಲ್ಲಿ ಊಟ ಮಾಡುವವರ ಮುಖಪರಿಚಯ ಇರುವುದಿಲ್ಲ; ನಡುವೆ ಸ್ಟೇಷನ್ನಿನಲ್ಲಿ ಮುಚ್ಚಳದ ಗುರುತು ನೋಡಿ ವಿಂಗಡಿಸುವವರಿದ್ದಾರೆ. ಇಲ್ಲಿಯೂ ಸಂವೇದಕವು ‘ಕೋಲ್ಡ್ ರೂಮ್, ತಾಪಮಾನ’ ಎಂಬ ಗುರುತು ಹಾಕಿ ಅಂಕಿಯನ್ನು ಬ್ರೋಕರ್ ಎಂಬ ನಡುಮನೆಗೆ ಒಪ್ಪಿಸುತ್ತದೆ. ಆ ಗುರುತಿನ ಸುದ್ದಿ ಬೇಕೆಂದವರಿಗೆಲ್ಲ, ಮಾಲೀಕರ ಮೊಬೈಲಿರಲಿ ರಿಪೇರಿಯವರ ಮೊಬೈಲಿರಲಿ, ಅದು ಹಂಚುತ್ತದೆ. ನಾಳೆ ಇನ್ನೊಬ್ಬರು ಸೇರಿದರೆ ಸಂವೇದಕದ ತಂಟೆಗೆ ಹೋಗಬೇಕಿಲ್ಲ.

ಇದರಲ್ಲಿ ನನ್ನನ್ನು ಮರುಳುಮಾಡಿದ್ದು ಉಯಿಲಿನ ವ್ಯವಸ್ಥೆ. ಸಾಧನವು ಸಂಪರ್ಕಕ್ಕೆ ಬಂದ ಕೂಡಲೇ ಬ್ರೋಕರಿನ ಬಳಿ ತನ್ನ ಉಯಿಲನ್ನು ಬರೆದಿಡಬಹುದು: ನಾನು ಹೇಳದೆ ಕೇಳದೆ ಸುಮ್ಮನಾದರೆ ಈ ಮಾತನ್ನು ಎಲ್ಲರಿಗೂ ತಿಳಿಸಿ. ನಿಮಿಷಕ್ಕೊಮ್ಮೆ ಸದ್ದು ಮಾಡುತ್ತೇನೆಂದು ಒಪ್ಪಿಕೊಂಡ ಸಾಧನ ಒಂದೂವರೆ ನಿಮಿಷ ಸುಮ್ಮನಿದ್ದರೆ ಬ್ರೋಕರ್ ಅದನ್ನು ಸತ್ತಿತೆಂದು ಬಗೆದು ಉಯಿಲನ್ನು ಓದಿಬಿಡುತ್ತದೆ. ರಿಜಿಸ್ಟರಿನಲ್ಲಿ ಒಂದು ಮನೆ ಖಾಲಿ ಉಳಿದರೆ ಅದು ಕೂಗಿ ಕರೆಯುವುದಿಲ್ಲ. ಮರುದಿನ ಯಾರೋ ನೆನಪಿನಿಂದ 4 ಎಂದು ತುಂಬುತ್ತಾರೆ.

ಇದೆಲ್ಲ ದೊಡ್ಡ ಕಾರ್ಖಾನೆಯವರಿಗೆ ಎನ್ನುವವರಿಗೆ ನಾನು ಪುಣೆಯ ಬಳಿಯ ಭೋಸರಿಯ ಒಂದು ಸಣ್ಣ ವರ್ಕ್‌ಶಾಪನ್ನು ತೋರಿಸುತ್ತೇನೆ. ಅಲ್ಲಿನ ಲೇತ್‌ಗಳು ಮಾಲೀಕರ ತಂದೆಯ ಕಾಲದವು, ಒಂದಕ್ಕೂ ಎಲೆಕ್ಟ್ರಾನಿಕ್ಸ್ ಗಂಧವಿಲ್ಲ. ಹಳೆಯ ಯಂತ್ರವನ್ನು ಮಾರಬೇಕಾಗಿಲ್ಲ, ಅದರ ವೈರನ್ನು ಕತ್ತರಿಸಬೇಕಾಗಿಯೂ ಇಲ್ಲ. ಕರೆಂಟು ಹರಿಯುವ ವೈರಿಗೆ ಬಳೆಯಂತಹ ಒಂದು ಸಿಟಿ, ಅಂದರೆ ಕರೆಂಟನ್ನು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್, ತೊಡಿಸಿದರೆ ಸಾಕು. ಏರಿಳಿಯುವ ಕಾಂತಕ್ಷೇತ್ರ ಪಕ್ಕದ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಫ್ಯಾರಡೆ 1831ರಲ್ಲಿ ತೋರಿಸಿದ್ದರ ಪ್ರಸಾದ ಅದು. ಆ ಭಾಗದ ಕೈಗಾರಿಕೆಗಳಿಗೆ ವಾರದ ರಜೆ ಗುರುವಾರ. ಗುರುವಾರದ ನಕ್ಷೆಯಲ್ಲಿ ಏರ್ ಕಂಪ್ರೆಸರ್ ಹನ್ನೊಂದು ನಿಮಿಷಕ್ಕೊಮ್ಮೆ ಎದ್ದು ಗಾಳಿ ತುಂಬಿ ಮಲಗುತ್ತಿತ್ತು. ಬೆಳಗಾವಿಯವರಾದ ಮಾಲೀಕರು ಅದನ್ನೇ ದಿಟ್ಟಿಸಿ, "ಅಂಗಡಿ ಬಂದ್ ಐತ್ರಿ, ಹಂಗಾರ ಇದು ಯಾರ ಸಲುವಾಗಿ ಓಡಾಕತ್ತೈತ್ರಿ?" ಎಂದರು. ಸೋರಿಕೆಯ ಸಲುವಾಗಿ. ಸರಿಯಾದ ನಿಗಾ ಇಲ್ಲದ ಕಡೆ ಕಂಪ್ರೆಸರ್ ಒತ್ತಿದ ಗಾಳಿಯ ಶೇ. 20ರಿಂದ 30ರಷ್ಟು ಸೋರಿಕೆಗೇ ಹೋಗುವುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಕೆಲಸದ ದಿನದ ಗದ್ದಲದಲ್ಲಿ ಆ ಸಿಳ್ಳು ಕೇಳುವುದಿಲ್ಲ, ತಿಂಗಳಿಗೊಂದೇ ಅಂಕಿ ತರುವ ಕರೆಂಟ್ ಬಿಲ್ಲಿನಲ್ಲಿ ಕಾಣುವುದೂ ಇಲ್ಲ. ಸಾಬೂನು ನೀರು ಹಚ್ಚಿ ಹುಡುಕಿದಾಗ ಏಳು ಕಡೆ ನೊರೆ ಎದ್ದಿತು.

ಅಪಾಯವನ್ನೂ ಹೇಳದೆ ಬಿಡಲಾಗದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟ ಕ್ಯಾಮೆರಾಗಳನ್ನೂ ರೂಟರ್‌ಗಳನ್ನೂ ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಸಾಧನಗಳ ದಂಡು ಅಮೆರಿಕದ ಹಲವು ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೆಡವಿಹಾಕಿತು. ಆದ್ದರಿಂದ ಪಾಸ್‌ವರ್ಡ್ ಬದಲಿಸಬೇಕು, ಸಾಧನಗಳ ವೈಫೈ ಬೇರೆ, ಬಿಲ್ಲಿಂಗ್ ಕಂಪ್ಯೂಟರಿನ ವೈಫೈ ಬೇರೆ ಇರಬೇಕು, ಗಿರಾಕಿಗಳಿಗೆ ಕೊಡುವುದಂತೂ ಇವೆರಡನ್ನೂ ಮುಟ್ಟಲೇಬಾರದು. ಇನ್ನು ನೌಕರರ ಮೇಲೆ ಕಣ್ಣಿಡಲು ಇದನ್ನು ಬಳಸುವ ಮಾಲೀಕರೂ ಇದ್ದಾರೆ. ಅವರಿಗೆ ಯಂತ್ರದ ನಿಜ ಬೇಕಿಲ್ಲ, ಬೈಯಲು ಕಾರಣ ಬೇಕು, ಅದು ಮೊದಲೂ ಅವರಿಗೆ ಸಿಗುತ್ತಿತ್ತು.

ಮಾಟುಂಗದಲ್ಲಿ ಈಗ ಸಾಂಬಾರನ್ನು ಅಗಲವಾದ ತಟ್ಟೆಗಳಿಗೆ ಸುರಿದು, ಆರಿಸಿ, ಆಮೇಲೆ ಒಳಗಿಡುತ್ತಾರೆ. ನಿಂಬೆ, ಮೆಣಸಿನಕಾಯಿ ಇನ್ನೂ ಇವೆ. ಅವನ್ನು ತೆಗೆಸುವುದು ನನ್ನಿಂದಾಗಲಿಲ್ಲ. ಕಳೆದ ತಿಂಗಳು ಒಂದು ರಾತ್ರಿ ಮೂರು ಗಂಟೆಗೆ ಮಾಲೀಕರ ಮೊಬೈಲಿಗೆ ಸಾಧನದ ಉಯಿಲು ಬಂತು. ಗಾಬರಿಯಿಂದ ಎದ್ದು, ಹೋಟೆಲಿನಲ್ಲೇ ಮಲಗುವ ಭಟ್ಟರಿಗೆ ಫೋನು ಮಾಡಿದರೆ ಅದು ಸ್ವಿಚ್ ಆಫ್; ಹಾಗಾಗಿ ತಾವೇ ಕೆಳಗಿಳಿದು ಹೋಗಿ ನೋಡಿದರು. ಕೋಣೆ ನಾಲ್ಕರಲ್ಲಿಯೇ ತಣ್ಣಗಿತ್ತು. ಬೋರ್ಡಿನ ಚಾರ್ಜರನ್ನು ಕಿತ್ತು, ಅದೇ ಪ್ಲಗ್ಗಿನಲ್ಲಿ ಭಟ್ಟರ ಮೊಬೈಲನ್ನು ಚಾರ್ಜಿಗೆ ಇಡಲಾಗಿತ್ತು. ಈಗ ಆ ಪ್ಲಗ್ಗಿನ ಮೇಲೆ ಸೆಲೋಟೇಪಿನಡಿ ಒಂದು ಚೀಟಿ ಇದೆ, ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ: ಇದನ್ನು ತೆಗೆಯಬಾರದು.