ಫ್ಯೂಸ್ ಹೋಗಿಲ್ಲ ಅಂದ್ರೆ ಜಾಯಿಂಟ್ ಸರಿಯಿದೆ ಅಂತಲ್ಲ

ಹಳೆ ಕಾರಿನ ವೈರಿಂಗ್ ಕೆಲಸಕ್ಕೆ ಬರುವವರು ಹೆಚ್ಚಾಗಿ ಹೇಳುವುದು ಒಂದೇ ಮಾತು. "ಅಣ್ಣಾ, ಫ್ಯೂಸ್ ಹೋಗಿಲ್ಲ. ಅಂದ್ಮೇಲೆ ವೈರಿಂಗ್ ಚೆನ್ನಾಗೇ ಇದೆ. ಬಲ್ಬೋ ಸ್ವಿಚ್ಚೋ ಹೋಗಿರಬೇಕು, ನೋಡಿ." ಬಾನೆಟ್ ಎತ್ತಿ ಗ್ರಿಲ್ ಹಿಂದೆ ಕೈ ಹಾಕಿದರೆ ಟೇಪ್ ಸುತ್ತಿದ ಒಂದು ಗಂಟು ಸಿಗುತ್ತದೆ. ಟೇಪಿನ ಅಂಟು ಕರಗಿ ಬೆರಳಿಗೆ ಹತ್ತುತ್ತದೆ. ಒಳಗೆ ಎರಡು ವೈರ್ ತಿರುಚಿ ಬಿಟ್ಟಿರುತ್ತಾರೆ, ತಾಮ್ರ ಸುಟ್ಟು ಕಪ್ಪಾಗಿರುತ್ತದೆ. ಫ್ಯೂಸ್ ಮಾತ್ರ ನಿಜಕ್ಕೂ ಹೊಸದರ ಹಾಗೇ ಇರುತ್ತದೆ.

ಇದು ಯಾಕೆ ಹೀಗೆ ಅಂತ ಎಷ್ಟು ಸಲ ಹೇಳಿದರೂ ಜನರಿಗೆ ನಾಟುವುದಿಲ್ಲ. ಅದಕ್ಕೇ ಇವತ್ತು ಲೆಕ್ಕ ಬಿಡಿಸಿ ಬರೆಯುತ್ತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಫ್ಯೂಸ್ ನೋಡುವುದು ಕರೆಂಟ್ ಜಾಸ್ತಿ ಹರಿಯಿತಾ ಅನ್ನುವುದನ್ನು ಮಾತ್ರ. ವೈರ್ ಬಾಡಿಗೆ ತಾಗಿ ಶಾರ್ಟ್ ಆದರೆ ಕರೆಂಟ್ ನುಗ್ಗುತ್ತದೆ, ಫ್ಯೂಸ್ ಹೋಗುತ್ತದೆ. ಕೆಟ್ಟ ಜಾಯಿಂಟ್ ಮಾಡುವುದು ಇದಕ್ಕೆ ಉಲ್ಟಾ. ಅದು ಕರೆಂಟನ್ನು ತಡೆಯುತ್ತದೆ, ಕಡಿಮೆ ಮಾಡುತ್ತದೆ. ಕಡಿಮೆ ಕರೆಂಟಿಗೆ ಯಾವ ಫ್ಯೂಸ್ ಹೋಗುತ್ತದೆ ಹೇಳಿ?

60 ವ್ಯಾಟಿನ ಎರಡು ಹೆಡ್‌ಲೈಟ್ ತೆಗೆದುಕೊಳ್ಳಿ. ಒಟ್ಟು 120 ವ್ಯಾಟ್. 12 ವೋಲ್ಟಿಗೆ 10 ಆಂಪ್. ಎರಡಕ್ಕೂ ಹೋಗುವ ವೈರಿನಲ್ಲಿ ಒಂದು ಕೆಟ್ಟ ಜಾಯಿಂಟ್ ಇದೆ, ಅದರ ರೆಸಿಸ್ಟೆನ್ಸ್ 0.2 ಓಮ್ ಅಂತ ಇಟ್ಟುಕೊಳ್ಳೋಣ. ಈಗ ಕರೆಂಟ್ ಸುಮಾರು 8.6 ಆಂಪಿಗೆ ಇಳಿಯುತ್ತದೆ. ಜಾಯಿಂಟಿನಲ್ಲೇ 1.7 ವೋಲ್ಟ್ ಕಳೆದುಹೋಗುತ್ತದೆ. ಅಲ್ಲಿ ಹುಟ್ಟುವ ಶಾಖ ಸುಮಾರು 15 ವ್ಯಾಟ್. ನನ್ನ ಮೇಜಿನ ಮೇಲಿರುವ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅದರ ಅರ್ಧಕ್ಕಿಂತ ಜಾಸ್ತಿ ಶಾಖವನ್ನು ಟೇಪಿನಲ್ಲಿ ಸುತ್ತಿ ನಿಮ್ಮ ಗ್ರಿಲ್ ಹಿಂದೆ ಇಟ್ಟ ಹಾಗಾಯಿತು. ಸಾಮಾನ್ಯ ಪಿವಿಸಿ ವೈರ್ ತಡೆಯುವುದು 70 ಡಿಗ್ರಿವರೆಗೆ.

ಅಲ್ಲಿಗೇ ಮುಗಿಯುವುದಿಲ್ಲ. ಬಿಸಿಯಾದ ತಾಮ್ರ ಇನ್ನಷ್ಟು ಕಪ್ಪಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಮತ್ತೆ ಬಿಸಿ ಏರುತ್ತದೆ. ಜಾಯಿಂಟಿನ ರೆಸಿಸ್ಟೆನ್ಸ್ ಬಲ್ಬುಗಳ ರೆಸಿಸ್ಟೆನ್ಸಿಗೆ ಸಮ ಆದಾಗ ಅಲ್ಲಿ 30 ವ್ಯಾಟ್ ಸುಡುತ್ತಿರುತ್ತದೆ. ಆಗ ಫ್ಯೂಸಿನಲ್ಲಿ ಹರಿಯುವುದು ಬರೀ 5 ಆಂಪ್. ಬಲ್ಬಿನ ತಂತಿ ತಣ್ಣಗಾದರೆ ಅದರ ರೆಸಿಸ್ಟೆನ್ಸೂ ಬದಲಾಗುತ್ತದೆ, ಹಾಗಾಗಿ ಈ ಅಂಕಿ ಸುಮಾರು ಅಂತ ತಿಳಿಯಿರಿ. ಆದರೆ ದಿಕ್ಕು ಇದೇ. ಜಾಯಿಂಟ್ ಕೆಟ್ಟಷ್ಟೂ ಫ್ಯೂಸಿಗೆ ಭಾರ ಕಡಿಮೆ, ಬೆಂಕಿಯ ಭಯ ಜಾಸ್ತಿ.

ಇನ್ನೊಂದು ವಿಷಯ. ಬ್ರಿಟಿಷ್ ವಿನ್ಯಾಸದ ಅನೇಕ ಹಳೆ ಕಾರುಗಳಲ್ಲಿ ಹೆಡ್‌ಲೈಟ್ ಲೈನಿಗೆ ಫ್ಯೂಸೇ ಇರಲಿಲ್ಲ. ಇಡೀ ಗಾಡಿಗೆ ಎರಡೇ ಫ್ಯೂಸ್ ಇದ್ದದ್ದೂ ಉಂಟು. ಆ ಕಾರುಗಳಿಗೆ ವಿದ್ಯುತ್ ಭಾಗ ಮಾಡುತ್ತಿದ್ದ ಬ್ರಿಟಿಷ್ ಕಂಪನಿ ಲ್ಯೂಕಾಸ್. ಅದರ ಗಾಜಿನ ಫ್ಯೂಸಿನ ಮೇಲೆ 35 ಅಂತ ಬರೆದಿದ್ದರೆ ಅದು ಸುಟ್ಟುಹೋಗುವ ಅಳತೆ. ಸದಾ ಹೊರಬಲ್ಲದ್ದು 17 ಆಂಪ್ ಮಾತ್ರ. ಇವತ್ತಿನ ಫ್ಯೂಸಿನ ಮೇಲೆ ಬರೆಯುವುದು ಹೊರುವ ಅಳತೆ, ಆದರೂ ಹಳೆಯದರ ಜಾಗಕ್ಕೆ ಇವತ್ತಿನ 35 ಆಂಪ್ ಫ್ಯೂಸ್ ತಂದು ಕೂರಿಸುವವರಿದ್ದಾರೆ. ದಯವಿಟ್ಟು ಬೇಡ.

ಚನ್ನಗಿರಿ ಕಡೆಯ ಅಡಿಕೆ ತೋಟದವರೊಬ್ಬರು ಮಗಳ ಮದುವೆ ಮೆರವಣಿಗೆಗೆ ಅಂತ ತಂದೆಯ ಕಾಲದ ಅಂಬಾಸಿಡರ್ ರೆಡಿ ಮಾಡಿಸಿದ್ದರು. ಪೇಂಟ್, ಸೀಟು, ಕ್ರೋಮ್ ಎಲ್ಲ ಹೊಸದು. ವೈರಿಂಗ್ ಮಾತ್ರ "ಓಡ್ತಿದೆಯಲ್ಲ" ಅಂತ ಬಿಟ್ಟಿದ್ದರು. ರಾತ್ರಿ ದಾವಣಗೆರೆಗೆ ಬರುವಾಗ ಲೈಟ್ ಮಂಕಾಯಿತು, ರಬ್ಬರ್ ಸುಟ್ಟ ವಾಸನೆ ಬಂತು. ಅವರು ಗಾಡಿ ನಿಲ್ಲಿಸಿ ಬ್ಯಾಟರಿ ಲಗ್, ಅಂದರೆ ಬ್ಯಾಟರಿಗೆ ವೈರ್ ಸೇರಿಸುವ ಹಿಡಿ, ಕಿತ್ತರು. ಬುದ್ಧಿವಂತರು. ಮರುದಿನ ನನ್ನ ಹತ್ತಿರ ಬಂದು, "ಫ್ಯೂಸ್ ಎಲ್ಲ ನೋಡಿದೆ ಕಣ್ರೀ, ಒಂದೂ ಹೋಗಿಲ್ಲ" ಅಂದರು. ಡಿಪ್ಪರ್ ಸ್ವಿಚ್ ಹತ್ತಿರ ಯಾರೋ ಮನೆ ವೈರಿಂಗಿನ ಒಂಟಿ ಎಳೆಯ ವೈರ್ ಸೇರಿಸಿ ತಿರುಚಿದ್ದರು. ಅಕ್ಕಪಕ್ಕದ ನಾಲ್ಕು ವೈರಿನ ಸಿಪ್ಪೆಯೂ ಕರಗಿ ಒಂದಕ್ಕೊಂದು ಅಂಟಿತ್ತು. ಇನ್ನು ಕೆಲವು ಕಿಲೋಮೀಟರ್ ಓಡಿಸಿದ್ದರೆ ಏನಾಗುತ್ತಿತ್ತೋ ನಾನು ಖಚಿತವಾಗಿ ಹೇಳಲಾರೆ. ಒಳ್ಳೆಯದಂತೂ ಆಗುತ್ತಿರಲಿಲ್ಲ.

ಒಂಟಿ ಎಳೆಯ ವೈರ್ ಗೋಡೆಯೊಳಗೆ ಅಲ್ಲಾಡದೆ ಕೂರುವುದಕ್ಕೆ ಇರುವುದು. ಕಾರಿನಲ್ಲಿ ನಡುಗಿ ನಡುಗಿ ಮುರಿಯುತ್ತದೆ. ಮನೆಯ ಸ್ಕ್ರೂ ಕನೆಕ್ಟರೂ ಹಾಗೇ. ಸ್ಕ್ರೂ ಎಳೆಗಳನ್ನು ಕತ್ತರಿಸುತ್ತದೆ, ಆಮೇಲೆ ತಾನೂ ಸಡಿಲ ಆಗುತ್ತದೆ.

ಈಗ ಮೀಟರಿನ ಮಾತು. "ನಾವೇ ಚೆಕ್ ಮಾಡಿದ್ವಿ, ಬಲ್ಬಿನ ತನಕ 12 ವೋಲ್ಟ್ ಬರ್ತಿದೆ" ಅನ್ನುವವರು ಬಲ್ಬ್ ಬಿಚ್ಚಿ ಖಾಲಿ ಹೋಲ್ಡರಿಗೆ ಮೀಟರ್ ಹಿಡಿದಿರುತ್ತಾರೆ. ಮೀಟರಿಗೆ ಬೇಕಾದ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. 28 ಎಳೆಯ ವೈರಿನಲ್ಲಿ 27 ಮುರಿದು ಒಂದು ಉಳಿದಿದ್ದರೂ ಅದು 12 ತೋರಿಸುತ್ತದೆ. ಕರೆಂಟ್ ಹರಿಯದೆ ಜಾಯಿಂಟ್ ತನ್ನ ತಪ್ಪು ತೋರಿಸುವುದಿಲ್ಲ.

ಬಲ್ಬ್ ಹಾಕಿ, ಲೈಟ್ ಉರಿಸಿ, ಆಮೇಲೆ ಅಳೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ. ಇನ್ನೊಂದು ಬಲ್ಬಿಗೆ ಕರೆಂಟ್ ಬರುವ ಪಿನ್ ಮೇಲೆ. ಮೈನಸ್ ಅರ್ಥ್, ಅಂದರೆ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿರುವ ಗಾಡಿಗೆ ಈ ಮಾತು. ಕೆಲವು ಹಳೆ ಗಾಡಿಗಳಲ್ಲಿ ಪ್ಲಸ್ ಅರ್ಥ್ ಇರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟು. ಅರ್ಧ ವೋಲ್ಟ್ ಒಳಗಿದ್ದರೆ ನಾನು ಸುಮ್ಮನಿರುತ್ತೇನೆ. ಜಾಸ್ತಿ ಇದ್ದರೆ ಎರಡನೇ ಕಡ್ಡಿಯನ್ನು ಬಲ್ಬಿನಿಂದ ಹಿಂದಕ್ಕೆ ಒಂದೊಂದೇ ಕನೆಕ್ಟರಿಗೆ ತರುತ್ತೇನೆ. ಎಲ್ಲಿ ಸಂಖ್ಯೆ ದಬಕ್ಕನೆ ಇಳಿಯುತ್ತದೋ ಅಲ್ಲೇ ರೋಗ. ಆಮೇಲೆ ಬಲ್ಬಿನ ಅರ್ಥಿನಿಂದ ಬ್ಯಾಟರಿ ಮೈನಸ್‌ವರೆಗೆ ಇದೇ ಪರೀಕ್ಷೆ. ಅರ್ಥಿಂಗ್ ಕಡೆ ಯಾರೂ ನೋಡುವುದೇ ಇಲ್ಲ. ಪೇಂಟ್ ಮೇಲೆಯೇ ಲಗ್ ಬಿಗಿದಿರುತ್ತಾರೆ.

ಮೇಲಿನ ಲೆಕ್ಕದಲ್ಲಿ ಬಲ್ಬಿಗೆ ಉಳಿದದ್ದು 10.3 ವೋಲ್ಟ್. ವೋಲ್ಟ್ ಇಷ್ಟು ಇಳಿದರೆ ಬೆಳಕು ಸುಮಾರು ಶೇ. 40 ಕಡಿಮೆಯಾಗುತ್ತದೆ. ಆಗ ಜನ ಏನು ಮಾಡುತ್ತಾರೆ? 100 ವ್ಯಾಟಿನ ಬಲ್ಬ್ ತಂದು ಹಾಕುತ್ತಾರೆ. ಅದೇ ಕೆಟ್ಟ ಜಾಯಿಂಟಿನ ಮೇಲೆ ಇನ್ನಷ್ಟು ಕರೆಂಟ್! ಲ್ಯೂಕಾಸ್ ಸಿ-40 ಡೈನಮೋ ಕೊಡುವುದೇ 22 ಆಂಪ್. ಎರಡು 100 ವ್ಯಾಟ್ ಬಲ್ಬು ಅದರಲ್ಲಿ 17 ಆಂಪಿನಷ್ಟನ್ನು ನುಂಗುತ್ತವೆ. ಮೊದಲು ಕಳೆದುಹೋದ ವೋಲ್ಟನ್ನು ಬಲ್ಬಿಗೆ ವಾಪಸ್ ಕೊಡಿ. ಅದಾದ ಮೇಲೂ ಸಾಲದಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕೋಣ, ಅದಕ್ಕೇ ಪ್ರತ್ಯೇಕ ಫ್ಯೂಸ್ ಇಟ್ಟು.

ರಿಪೇರಿ ಮಾಡುವವರಿಗೆ ಎರಡು ಮಾತು. ಬ್ಯಾಟರಿ ಲಗ್ ಬಿಚ್ಚದೆ ಯಾವುದಕ್ಕೂ ಕೈ ಹಾಕಬೇಡಿ. ತಾಮ್ರ ಹೊಳೆಯುವ ತನಕ ವೈರ್ ಕತ್ತರಿಸುತ್ತಾ ಹೋಗಿ. ಕಪ್ಪು ತಾಮ್ರ ಬೆಸುಗೆ ಹಿಡಿಯುವುದಿಲ್ಲ. ಒಂದು ಗೇಣು ಹೋದರೂ ಕಪ್ಪೇ ಇದ್ದರೆ ಆ ವೈರನ್ನು ಕನೆಕ್ಟರಿಂದ ಕನೆಕ್ಟರಿನವರೆಗೆ ಪೂರ್ತಿ ಬದಲಿಸಿ. ಹೊಸ ವೈರಿನ ದಪ್ಪ ಹಳೆಯದಕ್ಕೆ ಸಮ ಇರಲಿ. 0.30 ಮಿ.ಮೀ. ಎಳೆ 28 ಇರುವ ವೈರ್ ಸುಮಾರು 17.5 ಆಂಪ್ ಹೊರುತ್ತದೆ, 14 ಎಳೆಯದು ಅದರ ಅರ್ಧ. ನೋಡುವುದಕ್ಕೆ ಹೊರಗಿನ ಸಿಪ್ಪೆ ಎರಡರದ್ದೂ ಒಂದೇ ದಪ್ಪ ಇರಬಹುದು, ಮೋಸ ಹೋಗಬೇಡಿ.

ಜಾಯಿಂಟ್ ಮುಚ್ಚುವ ಕೊಳವೆ, ಅಂದರೆ ಸ್ಲೀವ್, ಮೊದಲೇ ವೈರಿಗೆ ತೂರಿಸಿ. ಎಳೆಗಳು ಬಿಗಿಯಾಗಿ ಒಂದನ್ನೊಂದು ಹಿಡಿಯುವ ಹಾಗೆ ಹೆಣೆದು, ಆಮೇಲೆ ಬೆಸುಗೆ. ಬೆಸುಗೆ ಇರುವುದು ಕರೆಂಟಿಗೆ, ಎಳೆತ ತಡೆಯುವುದಕ್ಕಲ್ಲ. ರೇಡಿಯೇಟರ್ ಬೆಸುಗೆಗೆ ಬಳಸುವ ಆಸಿಡ್ ಬೇಡವೇ ಬೇಡ, ಉಳಿದ ಆಸಿಡ್ ತಾಮ್ರ ತಿನ್ನುತ್ತದೆ. ಬೆಸುಗೆ ವೈರಿನೊಳಗೆ ಹೀರಿಕೊಂಡ ಕಡೆ ವೈರ್ ಗಡುಸಾಗುತ್ತದೆ, ನಡುಗಿದರೆ ಆ ಅಂಚಿನಲ್ಲೇ ಮುರಿಯುತ್ತದೆ. ಅದಕ್ಕೇ ಜಾಯಿಂಟಿನ ಎರಡೂ ಪಕ್ಕ ಕಟ್ಟಿ ನಿಲ್ಲಿಸಬೇಕು. ಬೆಸುಗೆ ಬದಲು ಲೋಹದ ತುಂಡಿನೊಳಗೆ ವೈರ್ ಇಟ್ಟು ಸರಿಯಾದ ಟೂಲಿನಿಂದ ಒತ್ತಿದ ಕ್ರಿಂಪ್ ಕೂಡ ಒಳ್ಳೆಯದೇ. ನನ್ನ ಅನುಭವದಲ್ಲಿ ಎರಡೂ ಬಾಳಿಕೆ ಬಂದಿವೆ. ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. ಒಂದೇ ಕಟ್ಟಿನಲ್ಲಿ ಹತ್ತು ಜಾಯಿಂಟ್ ಇದ್ದರೆ ಒಂದೇ ಜಾಗದಲ್ಲಿ ಗುಂಪು ಮಾಡಬೇಡಿ, ಹಿಂದೆ ಮುಂದೆ ಹರಡಿ.

ನಮ್ಮ ಕಡೆ ಇನ್ನೊಂದು ಕಾಟ ಇಲಿ. ಮೆಕ್ಕೆಜೋಳದ ಗೋದಾಮಿನ ಮೂಲೆಯಲ್ಲಿ ವರ್ಷಗಟ್ಟಲೆ ಕಾರು ನಿಲ್ಲಿಸಿ, ಒಂದಿನ ಪಿ.ಬಿ. ರಸ್ತೆಯ ತನಕ ಎಳೆದು ತಂದು, "ದೋಸೆ ತಿಂದು ಬರ್ತೀನಿ, ಅಷ್ಟರಲ್ಲಿ ಮಾಡಿಡಿ" ಅನ್ನುತ್ತಾರೆ. ಆಗೋದಿಲ್ಲ. ಇಲಿ ಕಡಿದ ಗಾಡಿಯಲ್ಲಿ ಕಣ್ಣಿಗೆ ಕಾಣುವ ಕಡಿತ ಒಂದಾದರೆ ಕಾಣದ್ದು ಹತ್ತು. ಸಿಪ್ಪೆ ಗಟ್ಟಿಯಾಗಿ ಬಗ್ಗಿಸಿದರೆ ಸೀಳುತ್ತಿದ್ದರೆ ತೇಪೆ ಹಾಕುವುದಿಲ್ಲ ಅಂತ ಹೇಳಿಬಿಡುತ್ತೇನೆ. ಪೂರ್ತಿ ವೈರಿಂಗ್ ಕಿಟ್ ಬದಲಿಸಬೇಕು. ಖರ್ಚು ಜಾಸ್ತಿ, ನನಗೂ ಗೊತ್ತು.

ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರ ಪದ್ಮಿನಿ ಬಂದರೆ ನನಗೆ ಖುಷಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ವೈರ್ ಯಾವಾಗ ಬದಲಾಯಿತು, ಹಳೇ ಬಣ್ಣ ಯಾವುದು, ಹೊಸದು ಯಾವುದು, ಎಲ್ಲ ದುಂಡಗಿನ ಅಕ್ಷರದಲ್ಲಿದೆ. ಹಳೆ ಅಂಬಾಸಿಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್ ಅನ್ನುವ ಬ್ರಿಟಿಷ್ ಕಾರು, ಅದರದ್ದು ಲ್ಯೂಕಾಸ್ ಬಣ್ಣ. ಕಂದು ಅಂದರೆ ಬ್ಯಾಟರಿಯಿಂದ ನೇರ, ಬಿಳಿ ಅಂದರೆ ಇಗ್ನಿಷನ್, ಹಸಿರು ಅಂದರೆ ಇಗ್ನಿಷನ್ ಆದಮೇಲೆ ಫ್ಯೂಸ್ ದಾಟಿದ್ದು, ಕಪ್ಪು ಅರ್ಥ್. ಪದ್ಮಿನಿ ಫಿಯಟ್ ಮನೆತನದ್ದು, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೂರು ಜನ ಮೆಕ್ಯಾನಿಕ್‌ಗಳ ಕೈ ಬದಲಾದ ಗಾಡಿಯಲ್ಲಂತೂ ಬಣ್ಣ ನಂಬುವ ಹಾಗೇ ಇಲ್ಲ. ಮೇಷ್ಟ್ರ ಗಾಡಿಯಲ್ಲಿ ನಂಬಬಹುದು, ಬರೆದಿಟ್ಟಿದ್ದಾರಲ್ವಾ.

ಕೊನೆಗೆ ಒಂದು ಕೋರಿಕೆ. ಗಾಡಿ ತರುವ ಮುಂಚೆ ಹಳೇ ಟೇಪ್ ಬಿಚ್ಚಿ, ಎಂಜಿನ್ ತೊಳೆದು, ಹೊಸ ಟೇಪ್ ಸುತ್ತಿ ಚೆಂದ ಮಾಡಿಕೊಂಡು ಬರಬೇಡಿ. ಎಲ್ಲಿ ಅಂಟು ಕರಗಿದೆ, ಯಾವ ವೈರಿನ ಬಣ್ಣ ಬಿಸಿಗೆ ಮಾಸಿದೆ, ಯಾವ ಬುಲೆಟ್ ಕನೆಕ್ಟರ್ ಹಸಿರು ಹಿಡಿದಿದೆ ಅನ್ನುವುದನ್ನು ನೋಡಿಯೇ ಅರ್ಧ ರೋಗ ಗೊತ್ತಾಗುತ್ತದೆ. ಸುಟ್ಟ ವಾಸನೆ ಬಂದಿದ್ದರೆ ಓಡಿಸಿಕೊಂಡೂ ಬರಬೇಡಿ. ಲಗ್ ಬಿಚ್ಚಿಟ್ಟು ಫೋನ್ ಮಾಡಿ, ನಾನೇ ಬರುತ್ತೇನೆ.