ಬಯಲುಸೀಮೆಯಲ್ಲಿ ಗೊಬ್ಬರದ ಮಡಕೆ ಕೆಡುವುದು ಎಲ್ಲಿ?

ಮನೆಯ ಕಸದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧ ಅಡುಗೆಮನೆಯ ಹಸಿಕಸವೇ. ಕಸದ ಗುಡ್ಡದಡಿ ಸಿಕ್ಕಿ, ಗಾಳಿಯಿಲ್ಲದೆ ಕೊಳೆತರೆ ಅದರಿಂದ ಮೀಥೇನ್ ಹುಟ್ಟುತ್ತದೆ. ಇಳಿದ ರಸ ಬೋರ್‌ವೆಲ್ ನೀರಿಗೂ ಸೇರಬಹುದು. ಈ ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡಲು ಹೊರಟು ಕೈಬಿಟ್ಟವರ ದೂರು ಎರಡೇ: 'ನಾತ' ಅಥವಾ 'ಏನೂ ಆಗಲಿಲ್ಲ, ಹಂಗೇ ಒಣಗಿತು'. ದಾವಣಗೆರೆ, ಚಿತ್ರದುರ್ಗದ ಬೇಸಿಗೆಯಲ್ಲಿ ಎರಡನೆಯದೇ ದೊಡ್ಡ ತೊಡಕು. ಮಳೆ ಹೆಚ್ಚಿರುವ ಊರಿನ ಕ್ರಮವನ್ನು ಇಲ್ಲಿ ಹಾಗೇ ಪಾಲಿಸಿದರೆ ಕೆಲಸ ಕೆಡುತ್ತದೆ.

ನಾಲ್ವರ ಮನೆಗೆ 25–30 ಲೀಟರಿನ ಮೂರು ಮಡಕೆ ಅಥವಾ ಹಳೆಯ ಪೇಂಟ್ ಡಬ್ಬಿ ಇರಲಿ. ಒಂದು ತುಂಬಲು ಹೆಚ್ಚುಕಮ್ಮಿ ತಿಂಗಳು, ಕಳಿಯಲು ಇನ್ನೆರಡು ತಿಂಗಳು; ಅದಕ್ಕೇ ಮೂರು. ತಳದಲ್ಲಿ ನಾಲ್ಕೈದು ತೂತು, ಪಕ್ಕದಲ್ಲಿ ಎರಡು ಸಾಲು ಸಾಕು. ಬಿಸಿಗಾಳಿಯ ಊರಲ್ಲಿ ತೂತು ಹೆಚ್ಚಾದಷ್ಟೂ ತೇವ ಹಾರಿಹೋಗುತ್ತದೆ. ತಳಕ್ಕೆ ಮೂರು ಇಂಚು ತೆಂಗಿನ ನಾರು ಹಾಸಿ, ನೆರಳಲ್ಲಿ ಇಟ್ಟಿಗೆಯ ಮೇಲಿಡಿ.

ಒಂದು ಬಟ್ಟಲು ಹಸಿಕಸಕ್ಕೆ ಒಂದರಿಂದ ಎರಡು ಬಟ್ಟಲು ಒಣ ಪದಾರ್ಥ ಬೇಕು. ಇದಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೊಳ್ಳುವ ಅಗತ್ಯ ನಮಗಿಲ್ಲ. ಹೊಂಗೆ, ಬೇವಿನ ತರಗು ಎಲ್ಲಕ್ಕಿಂತ ಒಳ್ಳೆಯದು. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ ಸಿಗುತ್ತದೆ. ಕುಟ್ಟಿ ಪುಡಿ ಮಾಡಿಯೇ ಹಾಕಿ, ಇಡಿಯಾಗಿ ಹಾಕಿದರೆ ಬೇಗ ಕಳಿಯದು. ಚನ್ನಗಿರಿಯ ಅಡಿಕೆ ಸಿಪ್ಪೆಯನ್ನೂ ಸಣ್ಣಗೆ ಕತ್ತರಿಸಬೇಕು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಹಾಗಾಗಿ ಒಣ ಪದಾರ್ಥದ ಕಾಲುಪಾಲು ಮೀರಬಾರದು. ಮಂಡಕ್ಕಿ ಭಟ್ಟಿಯ ಬೂದಿ ಪುಕ್ಕಟೆ ಸಿಕ್ಕಿತೆಂದು ಸುರಿಯಬೇಡಿ: ಬೂದಿ ಕ್ಷಾರ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಟೈರು, ಪ್ಲಾಸ್ಟಿಕ್ ಉರಿಸಿದ ಬೂದಿಯಂತೂ ಬೇಡವೇ ಬೇಡ.

ಕಸ ಕಳಿಯಲು ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಸಾಕು. ವಾರಕ್ಕೆರಡು ಸಲ ತಿರುವಿ ಹಾಕಿ.

ತೇವ ನೋಡುವುದು ಕೈಯಲ್ಲೇ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಬಾರದಿದ್ದರೆ, ಇರುವೆ ಸೇರಿದ್ದರೆ ಒಣಗಿದೆ: ಅಕ್ಕಿ ತೊಳೆದ ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ. ಮಾರ್ಚ್‌ನಿಂದ ಮೇವರೆಗೆ ದಿನ ಬಿಟ್ಟು ದಿನ ಇದು ಬೇಕಾಗಬಹುದು. ಹಿಂಡಿದಾಗ ನೀರು ಸುರಿದರೆ, ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ ಎಂದರ್ಥ. ತರಗು ಸೇರಿಸಿ ತಿರುವಿ. ದಪ್ಪ ಬಿಳಿ ಹುಳು ಕಂಡು ಹೆದರಿ ಮಡಕೆ ಖಾಲಿ ಮಾಡುತ್ತಾರೆ, ಪಾಪ. ಹೆಚ್ಚಾಗಿ ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸ ತಿನ್ನುತ್ತವೆ, ಕಡಿಯುವುದಿಲ್ಲ. ತೇವ ತಗ್ಗಿಸಿದರೆ ಕಡಿಮೆಯಾಗುತ್ತವೆ.

ಉಳಿದ ಮುದ್ದೆ, ಅನ್ನ ದಿನಕ್ಕೊಂದು ಹಿಡಿ ಮೀರದಿರಲಿ. ಹೆಚ್ಚಿದ್ದರೆ ಕೆಡುವ ಮುಂಚೆ ದನದ ಬಾನಿಗೆ. ಮಾಂಸ, ಎಣ್ಣೆ ಬೇಡ.

 

ಗೊಬ್ಬರ ಆಯಿತೇ ಎಂದು ತಿಳಿಯಲು ಒದ್ದೆ ಮಾಡಿದ ಒಂದು ಹಿಡಿಯನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆಯಿದ್ದರೆ ಗಿಡಕ್ಕೆ ಹಾಕಬಹುದು. ಹುಳಿ ನಾತವಿದ್ದರೆ ಇನ್ನೆರಡು ವಾರ ಬಿಡಿ. ಅರೆಬರೆ ಕಳಿತದ್ದು ಬೇರನ್ನು ಸುಡುತ್ತದೆ. ಜರಡಿಯ ಮೇಲೆ ಉಳಿದ ಶೇಂಗಾ ಸಿಪ್ಪೆ, ನಾರು ಮುಂದಿನ ಮಡಕೆಗೆ ಹೆಪ್ಪು.